ಅರಮನೆಯ ಟೀಚರಮ್ಮ, ಅಂಗಳದ ದಾಸಿ

ಟೀಚರಮ್ಮಂದಿರ ಕಥೆ ಎಂದರೆ ನಾಟಕದವರಿಗೂ ಸಿನಿಮಾದವರಿಗೂ ಒಂದು ಅಚ್ಚು ಯಾವತ್ತೂ ಸಿದ್ಧವಾಗಿರುತ್ತದೆ. ಆಕೆ ಪೆಟ್ಟಿಗೆ, ಕೊಡೆ ಹಿಡಿದು ಹೊಸ ಊರಿಗೆ ಬಂದಿಳಿಯುತ್ತಾಳೆ. ಮಕ್ಕಳು ಎರಡು ದಿನ ಕಾಟ ಕೊಟ್ಟು ಮೂರನೆಯ ದಿನ ಸೆರಗು ಹಿಡಿದು ಓಡಾಡುತ್ತವೆ. ಊರಿನ ಯಜಮಾನ ಮೊದಲು ಗುಡುಗುತ್ತಾನೆ, ಆಮೇಲೆ ಮೆತ್ತಗಾಗುತ್ತಾನೆ. ಅಷ್ಟು ಹೊತ್ತಿಗೆ ಊರು ಉದ್ಧಾರವಾಗಿರುತ್ತದೆ. ಪಾಠ ಎಷ್ಟು ಮುಗಿಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ವರ್ಷಗಟ್ಟಲೆ ಸೀಮೆಸುಣ್ಣದ ಪುಡಿ ಕುಡಿದ ನನ್ನಂಥವರಿಗೆ ಇಂಥ ಕಥೆ ಕಂಡರೆ ನಗು ಬರುತ್ತದೆ. ಸುಳ್ಳೇಕೆ, ಒಳಗೊಳಗೇ ಕೊಂಚ ಹಿಗ್ಗೂ ಆಗುತ್ತದೆ.

ಈ ಅಚ್ಚಿನಲ್ಲಿ ಎರಕ ಹೊಯ್ದ ಕಥೆಗಳಲ್ಲೆಲ್ಲ ಅತ್ಯಂತ ಸಿರಿವಂತ ಕಥೆ ಎಂದರೆ 'ದಿ ಕಿಂಗ್ ಅಂಡ್ ಐ' ಎಂಬ ಅಮೆರಿಕದ ಸಂಗೀತ ನಾಟಕ. ರಿಚರ್ಡ್ ರಾಜರ್ಸ್ ರಾಗ ಹಾಕಿ, ಆಸ್ಕರ್ ಹ್ಯಾಮರ್‌ಸ್ಟೈನ್ ಮಾತು ಮತ್ತು ಹಾಡು ಬರೆದು, 1951ರ ಮಾರ್ಚ್ 29ರಂದು ನ್ಯೂಯಾರ್ಕಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಪರದೆ ಎದ್ದದ್ದು 1,246 ಪ್ರಯೋಗ ಮುಗಿಯುವವರೆಗೂ ನಿಲ್ಲಲಿಲ್ಲ. ನಮ್ಮ ಕಂಪನಿ ನಾಟಕಗಳ ಕಾಲದ ಹಿರಿಯರಿಗೆ ಹೇಳಿದರೆ ಅರ್ಥವಾದೀತು: ಮಾತಿಗಿಂತ ಹಾಡು ಮುಂದೆ, ಹಾಡಿಗಿಂತ ಝಗಮಗ ಸೀನು ಮುಂದೆ. ರಾಜನ ಪಾತ್ರ ಮಾಡಿದ ಯೂಲ್ ಬ್ರಿನ್ನರ್ 1985ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಅದೇ ಬೋಳು ತಲೆಯಲ್ಲಿ ಅದೇ ರಾಜನಾಗಿ ನಿಂತ. 1956ರಲ್ಲಿ ಅದು ಸಿನಿಮಾ ಆಯಿತು. 2015ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಬಾರ್ಟ್ಲೆಟ್ ಶೇರ್ ಅದನ್ನು ಹೊಸದಾಗಿ ಆಡಿಸಿ ನಾಲ್ಕು ಟೋನಿ ಪ್ರಶಸ್ತಿ ಗಳಿಸಿದರು. ಅದೇ ಪ್ರಯೋಗವನ್ನು 2018ರಲ್ಲಿ ಲಂಡನ್ನಿನ ಪಲೇಡಿಯಂ ರಂಗಮಂದಿರದಲ್ಲಿ ಚಿತ್ರೀಕರಿಸಿಕೊಂಡಿದ್ದಾರೆ. ನಾನು ನೋಡಿದ್ದು ಆ ಚಿತ್ರವನ್ನು, ಮನೆಯಲ್ಲಿ ಕೂತು, ನಡುವೆ ಎರಡು ಸಲ ಕುಕ್ಕರ್ ಇಳಿಸಿ. ಆದ್ದರಿಂದ ನಾನು ಹೇಳುವುದನ್ನು ರಂಗದ ಎದುರು ಕೂತವಳ ಮಾತು ಎಂದು ತಿಳಿಯಬಾರದು.

ಕಥೆ 1862ರದು. ಅನ್ನಾ ಲಿಯೋನೋವೆನ್ಸ್ ಎಂಬ ವಿಧವೆ ತನ್ನ ಮಗ ಲೂಯಿಯನ್ನು ಕಟ್ಟಿಕೊಂಡು ಸಯಾಮಿಗೆ, ಅಂದರೆ ಇಂದಿನ ಥಾಯ್ಲೆಂಡಿಗೆ ಬರುತ್ತಾಳೆ. ಬ್ಯಾಂಕಾಕಿನ ಅರಮನೆಯಲ್ಲಿ ರಾಜ ಮೊಂಗ್‌ಕುಟ್‌ನ ಮಕ್ಕಳಿಗೂ ರಾಣಿವಾಸದ ಹೆಂಗಸರಿಗೂ ಇಂಗ್ಲಿಷ್ ಕಲಿಸುವ ಕೆಲಸ. ತನಗೆ ಮಾತು ಕೊಟ್ಟಿದ್ದ ಪ್ರತ್ಯೇಕ ಮನೆಗಾಗಿ ಆಕೆ ರಾಜನ ಹತ್ತಿರ ಜಗಳವಾಡುತ್ತಾಳೆ. (ಕ್ವಾರ್ಟರ್ಸಿಗೆ ಅರ್ಜಿ ಹಾಕಿ ಕಾದ ಯಾವ ಶಿಕ್ಷಕಿಗೂ ಈ ಜಗಳ ಪರಕೀಯವೆನಿಸದು.) ಅದೇ ಹೊತ್ತಿಗೆ ಬರ್ಮಾದ ದೊರೆ ಟುಪ್ಟಿಮ್ ಎಂಬ ಹುಡುಗಿಯನ್ನು ರಾಜನಿಗೆ ಉಡುಗೊರೆಯಾಗಿ ಕಳಿಸಿಕೊಟ್ಟಿರುತ್ತಾನೆ. ಆನೆ, ರೇಷ್ಮೆ, ಹುಡುಗಿ: ಎಲ್ಲ ಒಂದೇ ಪಟ್ಟಿಯಲ್ಲಿ. ಅವಳ ಮನಸ್ಸು ಮಾತ್ರ ಲುನ್ ಥಾ ಎಂಬ ತರುಣನ ಮೇಲೆ. ಓದಲು ಬಲ್ಲ ಈ ಹುಡುಗಿಯ ಕೈಗೆ ಟೀಚರಮ್ಮ ಒಂದು ಪುಸ್ತಕ ಕೊಡುತ್ತಾಳೆ. ಅಮೆರಿಕದ ಗುಲಾಮರ ಪಾಡನ್ನು ಕುರಿತು ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ, 1852ರಲ್ಲಿ ಅಚ್ಚಾದ 'ಅಂಕಲ್ ಟಾಮ್ಸ್ ಕ್ಯಾಬಿನ್'. ಹೆಂಗಸೊಬ್ಬಳು ಪುಸ್ತಕ ಬರೆದಿದ್ದಾಳೆಂಬುದೇ ಟುಪ್ಟಿಮ್‌ಗೆ ಮೊದಲ ಬೆರಗು.

ಮುಂದಿನದ್ದೆಲ್ಲ ಈ ಪುಸ್ತಕದಿಂದ ಹೊರಡುತ್ತದೆ. ಬ್ರಿಟಿಷ್ ರಾಯಭಾರಿ ಊಟಕ್ಕೆ ಬರುತ್ತಾನೆ. ರಾಜ ತಾನು ಕಾಡುಮನುಷ್ಯನಲ್ಲ ಎಂದು ತೋರಿಸಬೇಕು. ಮನರಂಜನೆಗೆ ಟುಪ್ಟಿಮ್ ಒಂದು ನೃತ್ಯನಾಟಕ ಸಿದ್ಧಪಡಿಸುತ್ತಾಳೆ, ಅದೇ ಪುಸ್ತಕದ ಕಥೆ. ಆಡುತ್ತ ಆಡುತ್ತ ಅದು ತನ್ನದೇ ಕಥೆಯಾಗುತ್ತದೆ. ಆ ರಾತ್ರಿಯೇ ಅವಳು ಅರಮನೆಯಿಂದ ಓಡಿಹೋಗಿ ಸಿಕ್ಕಿಬೀಳುತ್ತಾಳೆ. ರಾಜ ಚಾಟಿ ಎತ್ತುತ್ತಾನೆ, ಅನ್ನಾ ಎದುರು ನಿಂತು ಅವನನ್ನು ಅನಾಗರಿಕ ಎನ್ನುತ್ತಾಳೆ, ರಾಜನ ಕೈ ಏಳುವುದಿಲ್ಲ. ಆ ಅವಮಾನದಲ್ಲಿ ಅವನು ಹಾಸಿಗೆ ಹಿಡಿದು ಸಾಯುತ್ತಾನೆ.

ಇಷ್ಟು ಕಥೆ. ಇದರಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದವರು ಯಾರು? ನಾಟಕದ ಉತ್ತರ ಖಚಿತವಾಗಿದೆ: ಟೀಚರಮ್ಮ. ಉಳಿದವರೆಲ್ಲ ಅವಳಿಂದ ಕಲಿತವರು. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಆ ಟೀಚರಮ್ಮ ಯಾರೆಂದು ನೋಡೋಣ. ನಾಟಕದ ಅನ್ನಾ ಅಪ್ಪಟ ಇಂಗ್ಲಿಷ್ ಹೆಂಗಸು, ಮಡಿಕೆ ಮಡಿಕೆಯ ದೊಡ್ಡ ಲಂಗ, ನೆಟ್ಟಗಿನ ಬೆನ್ನು. ನಿಜವಾದ ಅನ್ನಾ ಕೂಡ ಜಗತ್ತಿಗೆ ಹೇಳಿಕೊಂಡದ್ದು ಹಾಗೆಯೇ: ತಾನು ವೇಲ್ಸಿನಲ್ಲಿ ಹುಟ್ಟಿದವಳು, ಗಂಡ ಸೈನ್ಯದ ದೊಡ್ಡ ಅಧಿಕಾರಿ, ಹುಲಿ ಬೇಟೆಯ ಹೊತ್ತಿನಲ್ಲಿ ತೀರಿಕೊಂಡ. ಆಮೇಲಿನ ಸಂಶೋಧಕರು ದಾಖಲೆ ಕೆದಕಿದಾಗ ಹೊರಬಿದ್ದದ್ದು ಬೇರೆ. ಆಕೆ ಹುಟ್ಟಿದ್ದು 1831ರಲ್ಲಿ ಅಹಮದ್‌ನಗರದಲ್ಲಿ, ಈಗ ಅಹಿಲ್ಯಾನಗರ ಎಂದು ಹೆಸರು ಬದಲಾಗಿರುವ ನಮ್ಮ ನೆರೆಯ ಮಹಾರಾಷ್ಟ್ರದ ಊರಿನಲ್ಲಿ. ತಂದೆ ಕಂಪನಿ ಸೈನ್ಯದ ಸಾರ್ಜೆಂಟ್, ಮಗು ಹುಟ್ಟುವ ಮೊದಲೇ ತೀರಿಕೊಂಡವನು. ತಾಯಿಯ ಕಡೆ ಭಾರತದ ರಕ್ತ ಬೆರೆತಿತ್ತು ಎಂಬುದೇ ಸಂಶೋಧಕರ ಊಹೆ. ಮದುವೆಯಾದದ್ದು 1849ರಲ್ಲಿ ಪುಣೆಯಲ್ಲಿ, ಥಾಮಸ್ ಲಿಯಾನ್ ಓವೆನ್ಸ್ ಎಂಬ ಗುಮಾಸ್ತನನ್ನು. ಅವನು ಸತ್ತದ್ದು 1859ರಲ್ಲಿ ಪೆನಾಂಗಿನಲ್ಲಿ. ಹುಲಿಯ ಸುದ್ದಿ ಎಲ್ಲೂ ಇಲ್ಲ. ಗಂಡನ ಹೆಸರಿನ ಎರಡು ತುಂಡು ಸೇರಿಸಿ 'ಲಿಯೋನೋವೆನ್ಸ್' ಮಾಡಿಕೊಂಡ ಈ ಹೆಂಗಸು ಸಿಂಗಪುರದಲ್ಲಿ ಚಿಕ್ಕ ಶಾಲೆ ನಡೆಸಿ, ಅಲ್ಲಿಂದ ಸಯಾಮಿಗೆ ಹೋದಳು.

ಇದನ್ನು ಓದಿದ ಮೇಲೆ ಆಕೆಯ ಮೇಲಿನ ನನ್ನ ಗೌರವ ಹೆಚ್ಚಿತೇ ಹೊರತು ಇಳಿಯಲಿಲ್ಲ. ಬ್ಯಾರಕ್ಕಿನಲ್ಲಿ ಬೆಳೆದ, ಎರಡು ಮಕ್ಕಳ ವಿಧವೆ; ಬಣ್ಣ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಕೆಲಸ ಹೋಗುವ ಕಾಲ. ಹುಟ್ಟಿದೂರನ್ನು ಬಚ್ಚಿಡದೆ ಅವಳಿಗೆ ಯಾವ ಅರಮನೆಯ ಬಾಗಿಲು ತೆರೆಯುತ್ತಿತ್ತು? ಹೊಟ್ಟೆಪಾಡಿಗೆ ಒಂಟಿ ಹೆಂಗಸು ಹೇಳಿದ ಸುಳ್ಳನ್ನು ನಾನು ತಕ್ಕಡಿಗೆ ಹಾಕಿ ತೂಗಲಾರೆ. ಆದರೆ ನಾಟಕದ ಸಂಗತಿ ಬೇರೆ. 1944ರಲ್ಲಿ ಮಾರ್ಗರೆಟ್ ಲ್ಯಾಂಡನ್ ಬರೆದ ಕಾದಂಬರಿಯನ್ನು ಆಧರಿಸಿದಾಗ ಹ್ಯಾಮರ್‌ಸ್ಟೈನ್‌ಗೆ ಈ ಸತ್ಯ ಗೊತ್ತಿರಲಿಲ್ಲ, ಸರಿ. 1970ರ ದಶಕದಿಂದ ಗೊತ್ತಿರುವ ಸತ್ಯವನ್ನು 2015ರ ಪ್ರಯೋಗವೂ ಮುಟ್ಟಲಿಲ್ಲವಲ್ಲ! ಬಿಳಿಯ ಟೀಚರಮ್ಮ ಪೂರ್ವದ ಜನಕ್ಕೆ ಸ್ವಾತಂತ್ರ್ಯವೆಂದರೇನೆಂದು ಕಲಿಸಿದಳು ಎಂಬ ಕಥೆಗೆ, ಆ ಟೀಚರಮ್ಮನೇ ದಖ್ಖನ್ನಿನ ದಂಡಿನ ಮಗಳಾದರೆ ಬುಡವೇ ಅಲ್ಲಾಡುತ್ತದೆ. ಅದಕ್ಕೇ ಇರಬೇಕು, ಆ ದೊಡ್ಡ ಲಂಗವನ್ನು ಇನ್ನೂ ಇಸ್ತ್ರಿ ಮಾಡಿ ಇಟ್ಟಿದ್ದಾರೆ.

ರಾಜನ ಚಿತ್ರಣದಲ್ಲೂ ಇದೇ ಗೋಳು. ರಂಗದ ಮೇಲಿನ ರಾಜ ದೊಡ್ಡ ದೇಹದ ಮಗು. ಸೊಂಟಕ್ಕೆ ಕೈ ಇಟ್ಟು, ಮುರುಕು ಇಂಗ್ಲಿಷಿನಲ್ಲಿ ಮಾತು ಮಾತಿಗೆ 'ಇತ್ಯಾದಿ, ಇತ್ಯಾದಿ' ಎನ್ನುತ್ತ ಸಭಿಕರನ್ನು ನಗಿಸುವವನು. ನಿಜವಾದ ಮೊಂಗ್‌ಕುಟ್ 27 ವರ್ಷ ಬೌದ್ಧ ಭಿಕ್ಷುವಾಗಿದ್ದು ಆಮೇಲೆ ಸಿಂಹಾಸನ ಏರಿದವನು. ಪಾಳಿ ಬಲ್ಲವನು, ಲ್ಯಾಟಿನ್ ಕಲಿತವನು, ಗಣಿತ ಮತ್ತು ಖಗೋಳದಲ್ಲಿ ಮುಳುಗಿದವನು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ತನ್ನ ದೇಶದಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ ಕಾಣುತ್ತದೆಂದು ತಾನೇ ಲೆಕ್ಕ ಹಾಕಿ, ವಿದೇಶಿ ಅತಿಥಿಗಳನ್ನು ಕರೆದು ತೋರಿಸಿದ. ಆ ಜೌಗು ಪ್ರದೇಶದಲ್ಲಿ ಮಲೇರಿಯಾ ಹತ್ತಿ ಅಕ್ಟೋಬರ್ 1ರಂದು ತೀರಿಕೊಂಡ. ಅದೇ ದಿನದ ಅದೇ ಗ್ರಹಣವನ್ನು ನಮ್ಮ ಜಮಖಂಡಿಯಲ್ಲಿ ದೂರದರ್ಶಕ ಹೂಡಿ ಜಾನ್ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಅಭ್ಯಸಿಸಿದ್ದ. ನೆರಳು ಜಮಖಂಡಿಯ ಮೇಲೆ ಹಾದು, ಬಂಗಾಳಕೊಲ್ಲಿ ದಾಟಿ ಸಯಾಮಿಗೆ ಹೋದದ್ದನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರೆ ಎಂಟನೇ ಕ್ಲಾಸಿನ ಮಕ್ಕಳು ಕಣ್ಣರಳಿಸುತ್ತಾರೆ. ಗ್ರಹಣದ ಲೆಕ್ಕ ಸರಿಯಾಗಿ ಸತ್ತ ರಾಜನನ್ನು ನಾಟಕ, ಟೀಚರಮ್ಮನ ಒಂದು ಮಾತಿಗೆ ಎದೆಯೊಡೆದು ಸಾಯಿಸುತ್ತದೆ!

ಆನೆಯ ವಿಷಯವೂ ಹಾಗೆಯೇ. ನಾಟಕದಲ್ಲಿ ರಾಜ, ಅಮೆರಿಕದ ಅಂತರ್ಯುದ್ಧಕ್ಕೆ ನೆರವಾಗಲಿ ಎಂದು ಲಿಂಕನ್‌ಗೆ ಆನೆ ಕಳಿಸುತ್ತೇನೆನ್ನುತ್ತಾನೆ. ಸಭೆ ಗೊಳ್ಳೆನ್ನುತ್ತದೆ. ನಿಜದ ಕಾಗದ 1861ರ ಫೆಬ್ರವರಿಯದು, ಯುದ್ಧ ಶುರುವಾಗುವ ಮೊದಲಿನದು. ಆನೆಗಳನ್ನು ಅಲ್ಲಿನ ಕಾಡಿನಲ್ಲಿ ಬಿಟ್ಟು ಸಂತತಿ ಬೆಳೆಸಿ ಹೇರು ಹೊರಲು ಬಳಸಬಹುದೆಂಬ ಸಲಹೆ. ನಮಗೆ ಉಗಿಯಂತ್ರ ಸಾಕು ಎಂದು ಮರುವರ್ಷ ಲಿಂಕನ್ ಮರ್ಯಾದೆಯಿಂದ ಉತ್ತರ ಬರೆದ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ.

ಥಾಯ್ಲೆಂಡಿನಲ್ಲಿ 1956ರ ಸಿನಿಮಾಕ್ಕೂ, ಇದೇ ಕಥೆಯ 1999ರ ಇನ್ನೊಂದು ಸಿನಿಮಾಕ್ಕೂ ನಿಷೇಧ ಹಾಕಿದರು. ನಿಷೇಧ ನನಗೆ ಹಿಡಿಸದ ಮದ್ದು. ಆದರೂ ಹೊರಗಿನವರು ಬಂದು ನಮ್ಮ ಮನೆಯ ಹಿರಿಯನನ್ನು ಕೋಡಂಗಿ ಮಾಡಿ ಕುಣಿಸಿದರೆ ಮನೆಯವರಿಗೆ ಉರಿಯುವುದು ಸಹಜ.

ಹಾಗೆಂದು ರಾಜನನ್ನು ದೇವರು ಮಾಡುವ ಹಟ ನನಗಿಲ್ಲ. ಅವನಿಗೆ 82 ಮಕ್ಕಳು. ರಾಣಿವಾಸದ ಹೆಂಗಸರ ಲೆಕ್ಕ ಬೇರೆ. ಅವನ ನಾಡಿನಲ್ಲಿ ಗುಲಾಮಗಿರಿ ಕಾನೂನಾಗಿತ್ತು. ಯುದ್ಧದಲ್ಲಿ ಸೆರೆಸಿಕ್ಕವರು, ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವರು ಒಂದು ಬಗೆ. ಇನ್ನೊಂದು ಬಗೆ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ, 'ಜೀತ' ಎಂದರೆ ಸಾಕು: ಸಾಲ ತೀರದವನು ತನ್ನನ್ನೋ, ಹೆಂಡತಿಯನ್ನೋ, ಮಕ್ಕಳನ್ನೋ ಒತ್ತೆ ಇಡುವುದು, ದುಡಿಮೆಯೆಲ್ಲ ಬಡ್ಡಿಗೆ ಹೋಗುವುದು, ಅಸಲು ಹಾಗೇ ಕೂತಿರುವುದು. ಹಣ ಕೊಟ್ಟರೆ ಬಿಡಿಸಿಕೊಳ್ಳಬಹುದು ಎಂಬ ನಿಯಮವಿತ್ತು. ನಿಯಮವಿದ್ದರೂ ಬಿಡದವರಿದ್ದರು. ಅನ್ನಾ ತನ್ನ ಪುಸ್ತಕದಲ್ಲಿ ಹೇಳುವ ಒಬ್ಬ ದಾಸಿಯನ್ನು ಅರಮನೆಯ ಒಳಗೇ ಸರಪಳಿಯಲ್ಲಿ ಕಟ್ಟಿಹಾಕಿದ್ದರು, ಪಕ್ಕದಲ್ಲಿ ಎಳೆಯ ಮಗು. ಬಿಡುಗಡೆಯ ಹಣ ತೆಗೆದುಕೊಳ್ಳಲು ಅವಳ ಯಜಮಾನಿಯೇ ಒಪ್ಪಿರಲಿಲ್ಲ. ಈ ಸರಪಳಿಯ ದಾಸಿಗೆ ನಾಟಕದಲ್ಲಿ ಜಾಗವಿಲ್ಲ. ಅವಳಿಗೆ ಹಾಡು ಕೊಡುವುದು ಕಷ್ಟ ಎನಿಸಿರಬೇಕು.

ಜಾಗ ಸಿಗದ ಇನ್ನಿಬ್ಬರು ಹೆಂಗಸರು ನನ್ನನ್ನು ಹೆಚ್ಚು ಕಾಡಿದ್ದಾರೆ. ಅನ್ನಾ ಬ್ಯಾಂಕಾಕಿನಲ್ಲಿ ಇದ್ದದ್ದು 1862ರಿಂದ 1867ರವರೆಗೆ. ಆ ನಡುವೆ, 1865ರಲ್ಲಿ, ಮುವಾನ್ ಎಂಬ ಸಾಮಾನ್ಯ ಮನೆಯ ಹುಡುಗಿ ರಾಜನಿಗೇ ಅರ್ಜಿ ಕೊಟ್ಟಳು. ತಂದೆತಾಯಿ ತನ್ನನ್ನು ಇಷ್ಟವಿಲ್ಲದವನಿಗೆ ಬಲವಂತದಿಂದ ಕೊಡುತ್ತಿದ್ದಾರೆ, ತನ್ನ ಮನಸ್ಸು ಬೇರೆಯವನ ಮೇಲಿದೆ ಎಂದು. ಇಪ್ಪತ್ತು ದಾಟಿದ ಹೆಣ್ಣು ತನ್ನ ಗಂಡನನ್ನು ತಾನೇ ಆರಿಸಿಕೊಳ್ಳಬಹುದು ಎಂದು ರಾಜ ತೀರ್ಪಿತ್ತ. ಆಮೇಲೆ ಬಂದವಳು ಚನ್ ಎಂಬಾಕೆ. ಅವಳ ಗಂಡ ಅವಳಿಗೆ ತಿಳಿಸದೆಯೇ ಅವಳನ್ನು ಮಾರಿದ್ದ; ಹಳೆಯ ಕಾನೂನಿನಲ್ಲಿ ಅದಕ್ಕೆ ಅಡ್ಡಿಯೇ ಇರಲಿಲ್ಲ. ಅವಳ ಅರ್ಜಿಯ ಮೇಲೆ, ಮೊಂಗ್‌ಕುಟ್ ಆಳ್ವಿಕೆಯ ಕೊನೆಯ ಹೊತ್ತಿನಲ್ಲಿ, ಹೊಸ ಕಾನೂನು ಹೊರಟಿತು. ಹಳೆಯ ಕಟ್ಟಳೆ ಹೆಣ್ಣನ್ನು ಎಮ್ಮೆ ಎಂದೂ ಗಂಡನ್ನು ಮಾತ್ರ ಮನುಷ್ಯನೆಂದೂ ಎಣಿಸಿದಂತಿದೆ, ಇದು ನ್ಯಾಯವಲ್ಲ, ಆದ್ದರಿಂದ ರದ್ದು ಎಂಬುದು ಅದರ ಸಾರ. ಹೆಂಡತಿ ಒಪ್ಪದೆ ಇನ್ನು ಅವಳನ್ನು ಮಾರುವಂತಿಲ್ಲ.

ಎಮ್ಮೆಯ ಮಾತು ಓದಿದಾಗ ನನಗೆ ನೆನಪಾದದ್ದು ಹರಿಶ್ಚಂದ್ರ. ಕಾಶಿಯ ಬೀದಿಯಲ್ಲಿ ಹೆಂಡತಿಯನ್ನೂ ಮಗನನ್ನೂ ಮಾರಿ ಸಾಲ ತೀರಿಸಿದವನ ಸತ್ಯಸಂಧತೆಗೆ ನಾವು ತಲೆತಲಾಂತರದಿಂದ ಕಣ್ಣೀರು ಸುರಿಸುತ್ತಿದ್ದೇವೆ. ಒಮ್ಮೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಆ ನಾಟಕ ಆಡಿಸಿದೆ. ಚಂದ್ರಮತಿಯಾಗಿದ್ದವಳು ಒಂಬತ್ತನೇ ಕ್ಲಾಸಿನ ಹುಡುಗಿ, ಹಾಜರಿ ಕೂಗಿದರೆ ದನಿ ಕೇಳಿಸದಷ್ಟು ಮೆತ್ತಗಿನವಳು. ಮಾರಾಟದ ಸೀನಿನಲ್ಲಿ ಬರೆದುಕೊಟ್ಟ ಮಾತು ಮುಗಿಸಿ, ಗಂಡನ ವೇಷದ ಹುಡುಗಿಯ ಕಡೆ ತಿರುಗಿ, "ನನ್ನನ್ನು ಕೇಳಿದಿರಾ?" ಎಂದುಬಿಟ್ಟಳು. ಮಾತು ಯಾರೂ ಬರೆದುಕೊಟ್ಟದ್ದಲ್ಲ. ಹರಿಶ್ಚಂದ್ರ ತಬ್ಬಿಬ್ಬಾಗಿ ನಿಂತ. ಮುಂದಿನ ಸಾಲಿನಲ್ಲಿ ಕೂತಿದ್ದ ಅತಿಥಿಗಳು ನಕ್ಕರು. ಆ ಹುಡುಗಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದರೆಂದು ನನಗೆ ಗೊತ್ತಾದದ್ದು ಮರುದಿನ, ಅವಳ ಗೆಳತಿಯರಿಂದ. ತನ್ನ ಬಾಯಲ್ಲಿ ಆಡಲಾರದ್ದನ್ನು ಚಂದ್ರಮತಿಯ ಬಾಯಲ್ಲಿ ಆಡಿದ್ದಳು.

ಆದ್ದರಿಂದಲೇ, ಇಷ್ಟೆಲ್ಲ ತಕರಾರು ತೆಗೆದ ಈ ನಾಟಕದ ಎರಡನೆಯ ಅಂಕದಲ್ಲಿ ಟುಪ್ಟಿಮ್ ಕಥೆ ಹೇಳಲು ನಿಂತಾಗ ನಾನು ಅಡುಗೆಮನೆ ಮರೆತು ಕೂತೆ. 'ಅಂಕಲ್ ಥಾಮಸನ ಪುಟ್ಟ ಮನೆ' ಎಂಬ ಆ ನೃತ್ಯನಾಟಕ ಕಾಲು ಗಂಟೆಯ ಆಸುಪಾಸು. ಸ್ಟೋವ್‌ಳ ಕಾದಂಬರಿಯಲ್ಲಿ ಮಗುವನ್ನೆತ್ತಿಕೊಂಡು ಮಂಜುಗಡ್ಡೆಯ ನದಿ ದಾಟುವ ಎಲೈಜಾಳ ಬೆನ್ನು ಹತ್ತುವವನು ಒಬ್ಬ ವ್ಯಾಪಾರಿ. ಸೈಮನ್ ಲೆಗ್ರಿ ಎಂಬ ಕ್ರೂರ ಯಜಮಾನ ಬರುವುದು ಬೇರೆ ಕಡೆ, ಟಾಮ್‌ನ ಕಥೆಯಲ್ಲಿ. ಟುಪ್ಟಿಮ್ ಎರಡನ್ನೂ ಕಲೆಸಿಬಿಡುತ್ತಾಳೆ. ಅವಳ ಕಥೆಯಲ್ಲಿ ಎಲೈಜಾಳನ್ನು ಅಟ್ಟಿಸಿಕೊಂಡು ಬರುವವನು ಲೆಗ್ರಿ, ಅದೂ 'ರಾಜ' ಸೈಮನ್ ಲೆಗ್ರಿ. ನದಿಯನ್ನು ಹೆಪ್ಪುಗಟ್ಟಿಸುವವನು ಬುದ್ಧ. ಹಿಮವನ್ನೇ ಕಾಣದ ಊರಿನ ಹುಡುಗಿ ಹಿಮವನ್ನು ಬೆಳ್ಳಗಿನ ಕಸೂತಿಯ ಹಾಗೆ ಕಲ್ಪಿಸಿಕೊಳ್ಳುತ್ತಾಳೆ. ಎಲೈಜಾ ದಾಟಿದ ಮೇಲೆ ಸೂರ್ಯ ಬಂದು ಮಂಜು ಕರಗಿ ರಾಜ ಮುಳುಗುತ್ತಾನೆ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನಾವು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆವು. ಆದರೆ ಓದುವುದೆಂದರೆ ಇದೇ ಅಲ್ಲವೇ? ದೂರದ ದೇಶದ ಪುಸ್ತಕದಲ್ಲಿ ತನ್ನ ಮನೆಯ ಬಾಗಿಲು ಹುಡುಕಿಕೊಂಡಿದ್ದಾಳೆ ಅವಳು. ಟೀಚರಮ್ಮ ಕೊಟ್ಟದ್ದು ಪುಸ್ತಕ. ಯಜಮಾನನಿಗೆ ಕಿರೀಟ ಇಟ್ಟವಳು ಟುಪ್ಟಿಮ್.

ಜೆರೋಮ್ ರಾಬಿನ್ಸ್ ಹೊಂದಿಸಿದ ನೃತ್ಯವಿದು. ನದಿಯೆಂದರೆ ಅಲೆಯಾಡಿಸುವ ಉದ್ದನೆಯ ಬಟ್ಟೆ. ಬೇಟೆನಾಯಿಗಳೆಂದರೆ ಮುಖವಾಡದ ಕುಣಿತಗಾರರು. ವಾದ್ಯವೆಂದರೆ ಬಹುತೇಕ ತಾಳ, ಗಂಟೆ, ಮರದ ಸದ್ದು. ನಮ್ಮ ಬಯಲಾಟ ನೋಡಿದವರಿಗೆ ಇದು ಹೊಸತೆನಿಸದು: ಒಂದು ಹೆಜ್ಜೆಯಲ್ಲಿ ಕಾಡು ದಾಟುವುದು, ಒಂದು ಸುತ್ತಿನಲ್ಲಿ ಊರು ಬದಲಾಗುವುದು. ಈ ಸಂಗೀತವನ್ನು ಬಹುಪಾಲು ಕಟ್ಟಿಕೊಟ್ಟವಳು ಟ್ರೂಡ್ ರಿಟ್‌ಮನ್, ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ ಹೆಂಗಸು. 1951ರಲ್ಲಿ ಎಲೈಜಾ ಆಗಿ ಕುಣಿದವಳು ಯೂರಿಕೋ. ಅಮೆರಿಕದಲ್ಲೇ ಹುಟ್ಟಿದ ಜಪಾನಿ ಮೂಲದ ಹುಡುಗಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನಿ ಮೂಲದ ಜನರನ್ನು, ಒಂದು ಲಕ್ಷಕ್ಕೂ ಮೀರಿ, ತಂತಿಬೇಲಿಯ ಶಿಬಿರಗಳಿಗೆ ತಳ್ಳಿದಾಗ ಅರಿಜೋನಾದ ಗಿಲಾ ರಿವರ್ ಶಿಬಿರದಲ್ಲಿ ಇದ್ದವಳು, ಅಲ್ಲಿ ಮಕ್ಕಳಿಗೆ ನೃತ್ಯ ಹೇಳಿಕೊಟ್ಟವಳು. ಬೇಲಿಯ ಒಳಗಿನ ಆ ಟೀಚರಮ್ಮನ ಮೇಲೆ ಯಾರೂ ನಾಟಕ ಬರೆದದ್ದು ನಾನು ಕೇಳಿಲ್ಲ. ಆಕೆ 1956ರ ಸಿನಿಮಾದಲ್ಲೂ ಎಲೈಜಾ ಆದಳು. 2022ರಲ್ಲಿ ನೂರು ದಾಟಿ ತೀರಿಕೊಂಡಳು. ಓಡುವ ಎಲೈಜಾಳ ಆ ಒಂಟಿಕಾಲಿನ ಜಿಗಿತಗಳನ್ನು ಹಳೆಯ ಸಿನಿಮಾದಲ್ಲಿ ಮತ್ತೆ ಹಾಕಿ ನೋಡಿದೆ. ಕಾಲು ಹಾರುತ್ತದೆ, ಮುಖ ಮಾತ್ರ ಮುಖವಾಡದ ಹಾಗೆ ನಿಶ್ಚಲ.

ಲಂಡನ್ನಿನ ಚಿತ್ರದಲ್ಲಿ ಟುಪ್ಟಿಮ್ ಆದವಳು ನಾ-ಯಂಗ್ ಜಿಯಾನ್. ರಾಜ ಲೆಗ್ರಿ ಮುಳುಗಿದ ಮೇಲೆ ಅವಳು ಕಥೆ ನಿಲ್ಲಿಸಿ, ಯಾವ ರಾಜನ ಸಾವಿಗಾದರೂ ತನ್ನಂಥ ದಾಸಿ ಸಂತೋಷಪಡುತ್ತಾಳೆಂಬ ಅರ್ಥದ ಮಾತನ್ನು ಸಿಂಹಾಸನದ ಎದುರಿಗೇ ಆಡುತ್ತಾಳೆ. ಕುಣಿಯುವವರು ಗಾಬರಿಯಾಗುತ್ತಾರೆ, ರಾಜ ಚಿಟಿಕೆ ಹೊಡೆಯುತ್ತಾನೆ, ಅವಳು ನುಂಗಿಕೊಂಡು ಕಥೆಗೆ ಮರಳುತ್ತಾಳೆ. ನನ್ನ ಒಂಬತ್ತನೇ ಕ್ಲಾಸಿನ ಚಂದ್ರಮತಿ ಮುಂದಿನ ಮಾತಿಗೆ ಮರಳಿದ್ದೂ ಹೀಗೆಯೇ, ಕಣ್ಣು ನೆಲಕ್ಕೆ ಹಾಕಿಕೊಂಡು.

ಇಲ್ಲಿ ಹ್ಯಾಮರ್‌ಸ್ಟೈನ್‌ಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಅನ್ನಾ ಬರೆದಿರುವ ಪ್ರಕಾರ ಸ್ಟೋವ್‌ಳ ಪುಸ್ತಕವನ್ನು ಎದೆಗೆ ಹಚ್ಚಿಕೊಂಡವಳು ದಾಸಿಯಲ್ಲ, ಸೋನ್ ಕ್ಲಿನ್ ಎಂಬ ರಾಣಿವಾಸದ ಹೆಂಗಸು. ಓದಿ ಓದಿ ತನ್ನ ಹೆಸರಿನ ಜೊತೆಗೇ ಹ್ಯಾರಿಯೆಟ್ ಬೀಚರ್ ಸ್ಟೋವ್ ಎಂದು ಸಹಿ ಹಾಕತೊಡಗಿದಳಂತೆ. 1867ರಲ್ಲಿ ತನ್ನ ನೂರಕ್ಕೂ ಹೆಚ್ಚು ಗುಲಾಮರನ್ನು ತಾನೇ ಬಿಡುಗಡೆ ಮಾಡಿದಳಂತೆ. ಯಜಮಾನಿ ಮನಸ್ಸು ಕರಗಿ ಬಿಡುಗಡೆ ಕೊಟ್ಟ ಈ ಕಥೆ ನಾಟಕಕ್ಕೆ ಹೇಳಿಮಾಡಿಸಿದಂತಿತ್ತು. ಸಭಿಕರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಹ್ಯಾಮರ್‌ಸ್ಟೈನ್ ಆ ಪುಸ್ತಕವನ್ನು ಯಜಮಾನಿಯ ಕೈಯಿಂದ ಕಿತ್ತು ದಾಸಿಯ ಕೈಗೆ ಕೊಟ್ಟ. ಹಾಗೆ ಕೊಟ್ಟದ್ದರಿಂದಲೇ ಈ ನಾಟಕಕ್ಕೆ ಒಂದು ಜೀವ ಬಂತು. ಸೋನ್ ಕ್ಲಿನ್ ಮಾಯವಾದದ್ದು ನನಗೆ ಬೇಸರವೇ. ಆದರೆ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನೂ ಟುಪ್ಟಿಮ್ ಕೈಗೇ ಪುಸ್ತಕ ಕೊಟ್ಟೇನು.

ಅನ್ನಾಳ ಪುಸ್ತಕದಲ್ಲಿ ಟುಪ್ಟಿಮ್‌ಳನ್ನೂ ಅವಳ ಪ್ರಿಯಕರನನ್ನೂ ಬಹಿರಂಗವಾಗಿ ಸುಟ್ಟರೆಂದಿದೆ. ಇದಕ್ಕೆ ಬೇರೆ ಆಧಾರ ಇತಿಹಾಸಕಾರರಿಗೆ ಸಿಕ್ಕಿಲ್ಲ. ತನಗೆ ಮಕ್ಕಳನ್ನು ಹೆತ್ತವರನ್ನು ಬಿಟ್ಟು ರಾಣಿವಾಸದ ಉಳಿದ ಹೆಂಗಸರು ಬೇಕೆನಿಸಿದರೆ ಬಿಟ್ಟುಹೋಗಿ ಮದುವೆಯಾಗಬಹುದೆಂದು ಮೊಂಗ್‌ಕುಟ್ ಆಜ್ಞೆ ಹೊರಡಿಸಿದ್ದ ಕಾಲವದು. ಅನ್ನಾ ತನ್ನ ಪುಸ್ತಕಗಳನ್ನು ಅಚ್ಚು ಹಾಕಿಸಿದ್ದು 1870ರಲ್ಲಿ ಮತ್ತು 1873ರ ಹೊತ್ತಿಗೆ, ಅಮೆರಿಕದಲ್ಲಿ. ಗುಲಾಮರ ಬಿಡುಗಡೆಗಾಗಿ ಅಲ್ಲಿ ಅಂತರ್ಯುದ್ಧ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ. ಆ ಓದುಗರಿಗೆ ಏನು ಹಿಡಿಸುತ್ತದೆಂದು ಆಕೆ ಬಲ್ಲವಳು.

1951ರ ಸಭಿಕರಿಗೆ ಏನು ಹಿಡಿಸುತ್ತದೆಂದು ನಾಟಕದವರೂ ಬಲ್ಲರು. ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಬೇರೆ ಸೀಟು. ಶಾಲೆಗಳಲ್ಲಿ ಆ ಬೇಧ ಕಾನೂನಿಗೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ. ತಮ್ಮದೇ ದೇಶದ ಗುಲಾಮರ ಕಥೆಯನ್ನು ರೇಷ್ಮೆ ಉಡಿಸಿ, ಕಿರೀಟ ತೊಡಿಸಿ, ಸಯಾಮಿನಲ್ಲಿ ನಡೆದದ್ದೆಂಬಂತೆ ನೋಡುವುದು ಎಷ್ಟು ಹಾಯಾಗಿರಬೇಕು! ಸಯಾಮಿನವರ ಮುಖ್ಯ ಪಾತ್ರಗಳಿಗೂ ಹೆಚ್ಚಾಗಿ ಬಿಳಿಯರೇ ಬಣ್ಣ ಬಳಿದುಕೊಂಡು ನಿಂತಿದ್ದರು. ಈ ಕೊರತೆಯನ್ನು 2015ರ ಪ್ರಯೋಗ ನೀಗಿದೆ. ಪಟ್ಟದರಸಿಯ ಪಾತ್ರದ ರೂಥಿ ಆನ್ ಮೈಲ್ಸ್‌ಗೆ ಟೋನಿ ಪ್ರಶಸ್ತಿ ಬಂದದ್ದೂ ನ್ಯಾಯವೇ. ಆದರೂ ಆ ಪಟ್ಟದರಸಿಯ ಹಾಡು ಕೇಳುವಾಗ ನನಗೆ ಕಸಿವಿಸಿ. ತಪ್ಪು ಮಾಡುವ ಗಂಡಸನ್ನು ಅವನ ಒಂದು ಒಳ್ಳೆಯ ಗಳಿಗೆಗಾಗಿ ಕಾದು ಕ್ಷಮಿಸಬೇಕೆಂಬ ಆ ಹಾಡು ರಾಗದಲ್ಲಿ ಎದೆ ತುಂಬುತ್ತದೆ. ಅರ್ಥದಲ್ಲಿ ನಮ್ಮ ಅಜ್ಜಿಯರು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೇಳುತ್ತಿದ್ದ ಬುದ್ಧಿವಾದವೇ.

ಇನ್ನು ಅನ್ನಾಳ ಶಿಷ್ಯ ರಾಜಕುಮಾರ ಚೂಲಾಲಂಗ್‌ಕಾರ್ನ್. ಹದಿನೈದಕ್ಕೆ ಪಟ್ಟಕ್ಕೆ ಬಂದ. ಎದುರು ಬಂದವರು ನೆಲಕ್ಕೆ ಬೀಳುವ ಪದ್ಧತಿಯನ್ನು 1873ರಲ್ಲಿ ತೆಗೆದ. 1874ರಲ್ಲಿ, ತಾನು ಪಟ್ಟಕ್ಕೆ ಬಂದ 1868ರಿಂದ ಈಚೆಗೆ ದಾಸಿಯರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು 21ಕ್ಕೆ ಸ್ವತಂತ್ರರೆಂದು ಕಾನೂನು ಮಾಡಿದ. ಗುಲಾಮಗಿರಿಯನ್ನು ಪೂರ್ತಿ ತೆಗೆದುಹಾಕಿದ್ದು 1905ರಲ್ಲಿ. 1874ರಿಂದ ಎಣಿಸಿದರೆ 31 ವರ್ಷ. ಯಜಮಾನರು ಸಿಡಿದೇಳದಂತೆ, ಖಜಾನೆ ಬರಿದಾಗದಂತೆ ಹೆಜ್ಜೆ ಹೆಜ್ಜೆಗೂ ತೂಗಿ ನಡೆದ ಕೆಲಸ. ಬಾಲ್ಯದ ಪಾಠ ಅದರಲ್ಲಿ ಒಂದು ಪಾಲು ಇದ್ದೀತು, ಇಲ್ಲವೆನ್ನಲು ನನ್ನ ವೃತ್ತಿ ಬಿಡದು. ಅಪ್ಪನ ಎದುರು ಅರ್ಜಿ ಹಿಡಿದು ನಿಂತಿದ್ದ ಮುವಾನ್, ಚನ್ ಇವರದು ಅದಕ್ಕಿಂತ ದೊಡ್ಡ ಪಾಲೆಂದು ನನ್ನ ಎಣಿಕೆ.

ನಾಟಕದ ಕೊನೆಯಲ್ಲಿ ಸಾಯುತ್ತಿರುವ ರಾಜನ ಮಂಚದ ಪಕ್ಕ ಈ ಹುಡುಗ ನಿಂತು ತನ್ನ ಮೊದಲ ಆಜ್ಞೆಗಳನ್ನು ಹೇಳುತ್ತಾನೆ. ಹೊಸವರ್ಷಕ್ಕೆ ಬಾಣಬಿರುಸು, ದೋಣಿಯ ಪಂದ್ಯ. ಇನ್ನು ಮುಂದೆ ಯಾರೂ ಕಪ್ಪೆಯ ಹಾಗೆ ನೆಲಕ್ಕೆ ಬೀಳಬೇಕಿಲ್ಲ. ಮಕ್ಕಳೂ ರಾಣಿಯರೂ ನೆಟ್ಟಗೆ ನಿಂತು ಟೀಚರಮ್ಮ ಕಲಿಸಿದ ಹಾಗೆ ಬಾಗಿ ವಂದಿಸುತ್ತಾರೆ. ಅನ್ನಾ ಸತ್ತ ರಾಜನ ಕೈಯನ್ನು ಹಿಡಿದುಕೊಳ್ಳುತ್ತಾಳೆ, ಸಂಗೀತ ಏರುತ್ತದೆ. ಪ್ರಿಯಕರನ ಹೆಣ ನದಿಯಲ್ಲಿ ಸಿಕ್ಕಿತೆಂಬ ಸುದ್ದಿ ಕೇಳಿ, ಕಾವಲಿನವರು ಎಳೆದುಕೊಂಡು ಹೋದ ಟುಪ್ಟಿಮ್ ಏನಾದಳೆಂದು ಆ ಮಂಚದ ಸುತ್ತ ನಿಂತ ಅಷ್ಟು ಜನರಲ್ಲಿ ಒಬ್ಬರೂ ಕೇಳುವುದಿಲ್ಲ. ಅವಳಿಗೆ ಪುಸ್ತಕ ಕೊಟ್ಟ ಟೀಚರಮ್ಮನೂ ಕೇಳುವುದಿಲ್ಲ.